ಊದಬೇಡಿ, ಒರೆಸಿ: ಹಳೇ ವಿಡಿಯೋ ಗೇಮ್ ರಿಪೇರಿ ಮಾಡುವ ಬಗೆ

ಗೇಮ್ ಓಡಲಿಲ್ಲವೆಂದರೆ ಕ್ಯಾಸೆಟ್ ಹೊರಗೆ ತೆಗೆಯುವುದು, ಮೌತ್ ಆರ್ಗನ್ ನುಡಿಸುವವರ ಹಾಗೆ ಈ ತುದಿಯಿಂದ ಆ ತುದಿವರೆಗೆ ಊದುವುದು, ಮತ್ತೆ ಹಾಕುವುದು. ಇದನ್ನು ಯಾರೂ ಹೇಳಿಕೊಡಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು, ಅಲ್ವಾ? ಎಷ್ಟೋ ಸಲ ಗೇಮ್ ಓಡುತ್ತಲೂ ಇತ್ತು. ಆದರೆ ಅದರಲ್ಲಿ ನಮ್ಮ ಉಸಿರಿನ ಪಾಲು ಏನೂ ಇರಲಿಲ್ಲ. ತೆಗೆದು ಹಾಕುವಾಗ ಪಿನ್‌ಗಳು ಒಂದಕ್ಕೊಂದು ಉಜ್ಜಿ, ಮೇಲಿನ ಕೊಳೆ ಚೂರು ಸರಿಯುತ್ತಿತ್ತು, ಅಷ್ಟೇ. ಬಾಯಿಂದ ಹೋದ ತೇವ ಮಾತ್ರ ಅಲ್ಲೇ ಕೂತು, ನಿಧಾನವಾಗಿ ಕಿಲುಬು ಹಿಡಿಸಿತು.

ಹಾಗಾಗಿ ಅಟ್ಟದಿಂದ ಇಳಿಸಿದ ಕನ್ಸೋಲ್ (ಕ್ಯಾಸೆಟ್ ಹಾಕಿ ಆಡುವ ಪೆಟ್ಟಿಗೆ) ಪರದೆಯ ಮೇಲೆ ಏನೂ ತೋರಿಸದಿದ್ದರೆ ಕೈಬಿಡಬೇಡಿ. ಒಳಗಿನ ಚಿಪ್‌ಗಳು ಸುಲಭಕ್ಕೆ ಕೆಡುವುದಿಲ್ಲ. ಪಿನ್, ಬಟನ್, ಬ್ಯಾಟರಿ, ವೈರ್, ಕೈಕೊಡುವುದು ಇವೇ ಜಾಸ್ತಿ. ಹೊರಗಿನಿಂದ ಶುರುಮಾಡಿ ಒಳಗೆ ಹೋಗಿ. ಸ್ಕ್ರೂಡ್ರೈವರ್ ಕೊನೆಗೆ.

ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ

ಕರೆಂಟ್ ಕೊಡುವ ಮುಂಚೆ ಅಡಾಪ್ಟರ್ ಮೇಲೆ ಬರೆದಿದ್ದನ್ನು ಓದಿ. ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್ ಕನ್ಸೋಲ್‌ಗೆ ಬೇಕಾದದ್ದು 10 ವೋಲ್ಟ್ ಡಿಸಿ. ಅದರದೇ ತಮ್ಮ, 1985ರ ಎನ್‌ಇಎಸ್‌ನ (ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್) ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ. ಎನ್‌ಇಎಸ್ ಅಡಾಪ್ಟರ್ ಫ್ಯಾಮಿಕಾಮ್‌ಗೆ ಸರಿಯಾಗಿ ಕೂರುತ್ತದೆ, ಸರಿಯಾಗಿಯೇ ಸುಡುತ್ತದೆ. ಡಿಸಿ ಆದರೂ ಪ್ಲಸ್, ಮೈನಸ್ ನೋಡಿಕೊಳ್ಳಿ. ಈಗಿನ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಪ್ಲಗ್ಗಿನ ನಡುಭಾಗ ಪ್ಲಸ್. ಫ್ಯಾಮಿಕಾಮ್, ಸೆಗಾ ಕಂಪನಿಯ ಮೊದಲ ಮಾದರಿಯ ಮೆಗಾ ಡ್ರೈವ್‌ಗಳಲ್ಲಿ ಅದು ಮೈನಸ್.

ಕ್ಯಾಸೆಟ್ ಒರೆಸುವುದು

ಬೇಕಾದದ್ದು ಎರಡೇ ಸಾಮಾನು: ಇಯರ್ ಬಡ್ಸ್ ಮತ್ತು ಐಸೋಪ್ರೊಪೈಲ್ ಆಲ್ಕೋಹಾಲ್. ಆಲ್ಕೋಹಾಲ್ 99 ಶೇಕಡಾ ಆದರೆ ಒಳ್ಳೆಯದು, 90ಕ್ಕಿಂತ ಕಡಿಮೆ ಬೇಡ. ಉಳಿದದ್ದು ನೀರು, ಆ ನೀರನ್ನು ದೂರ ಇಡಲೆಂದೇ ಈ ಪಾಡು.

ಬಡ್ ಅದ್ದಿ, ಬಾಟಲಿಯ ಅಂಚಿಗೆ ಒತ್ತಿ ಹಿಂಡಿ. ತೊಟ್ಟಿಕ್ಕಬಾರದು. ಪಿನ್ ಯಾವ ಕಡೆಗೆ ಉದ್ದವಾಗಿದೆಯೋ ಅದೇ ದಿಕ್ಕಿನಲ್ಲಿ ಉಜ್ಜಿ. ಅಡ್ಡಡ್ಡ ಉಜ್ಜಿದರೆ ಹತ್ತಿಯ ಎಳೆ ಸಿಕ್ಕಿಕೊಂಡು, ಒಂದು ಪಿನ್ನಿನ ಕೊಳೆ ಪಕ್ಕದ್ದಕ್ಕೆ ಬಳಿದುಕೊಳ್ಳುತ್ತದೆ. ಮೊದಲ ಬಡ್ ಕಾಡಿಗೆ ಅದ್ದಿದಷ್ಟು ಕಪ್ಪಗೆ ಬಂದರೆ ಗಾಬರಿ ಬೇಡ. ಎರಡನೆಯದು ಬೂದು ಬಣ್ಣ. ಬಡ್ ಬೆಳ್ಳಗೆ ಬರುವವರೆಗೂ ಬಿಡಬೇಡಿ. ಹಿಂಬದಿಯ ಪಿನ್‌ಗಳನ್ನು ಮರೆಯುವವರೇ ಜಾಸ್ತಿ. ಎನ್‌ಇಎಸ್ ಕ್ಯಾಸೆಟ್‌ನಲ್ಲಿ ಈ ಬದಿ 36, ಆ ಬದಿ 36, ಒಟ್ಟು 72. ಒಂದು ಬಿಟ್ಟರೂ ಗೇಮ್ ಹಟ ಮಾಡಬಹುದು.

ಬಿಡದ ಕಲೆಗೆ ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರ್ ಹಗುರವಾಗಿ ಆಡಿಸಿ, ಪುಡಿ ಕೊಡವಿ, ಮತ್ತೊಮ್ಮೆ ಆಲ್ಕೋಹಾಲ್‌ನಲ್ಲಿ ಒರೆಸಿ. ಮರಳು ಕಾಗದ ಮತ್ತು ಹಿತ್ತಾಳೆ ಬೆಳಗುವ ಪಾಲಿಶ್ ಬೇಡವೇ ಬೇಡ. ನಾನೊಮ್ಮೆ ಪಾಲಿಶ್ ಹಾಕಿ ಉಜ್ಜಿದೆ. ಫಳಫಳ ಹೊಳೆಯಿತು. ಹೊಳೆದದ್ದು ತಾಮ್ರ, ಅದರ ಮೇಲಿದ್ದ ತೆಳ್ಳನೆ ಚಿನ್ನದ ಲೇಪ ಬಟ್ಟೆಗೆ ಬಂದಿತ್ತು.

ಕನ್ಸೋಲ್‌ನ ಬಾಯಿಗೂ ಇದೇ ಉಪಚಾರ. ಪ್ಲಗ್ ಕಿತ್ತು, ಹಳೇ ಪ್ಲಾಸ್ಟಿಕ್ ಕಾರ್ಡ್‌ಗೆ ಎಳೆ ಬಿಡದ ಬಟ್ಟೆ ಸುತ್ತಿ, ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿ, ಹತ್ತಾರು ಸಲ ಒಳಗೆ ಹಾಕಿ ತೆಗೆಯಿರಿ. ಪೂರ್ತಿ ಆರಿದ ಮೇಲೆ ಆನ್ ಮಾಡಿ.

ಮಿಣುಕುವ ಕೆಂಪು ದೀಪ

ಎನ್‌ಇಎಸ್‌ನಲ್ಲಿ ದೀಪ ಸೆಕೆಂಡಿಗೊಮ್ಮೆ ಮಿಣುಕುತ್ತಿದ್ದರೆ ಅದೂ ಪಿನ್ನಿನ ದೂರೇ. ನಕಲಿ ಗೇಮ್ ತಡೆಯಲು ಕನ್ಸೋಲ್‌ನಲ್ಲೊಂದು, ಕ್ಯಾಸೆಟ್‌ನಲ್ಲೊಂದು ಚಿಪ್ ಇಟ್ಟಿದ್ದಾರೆ. ಎರಡೂ ಮಾತಾಡಿಕೊಂಡರೆ ಮಾತ್ರ ಆಟ. ಮಾತು ತುಂಡಾದರೆ ಕನ್ಸೋಲ್ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತ ಕೂರುತ್ತದೆ.

ಒರೆಸಿದರೂ ನಿಲ್ಲದಿದ್ದರೆ ಒಳಗಿನ 72 ಪಿನ್‌ನ ಕನೆಕ್ಟರ್ ಬಿಚ್ಚಿ, ಬರೀ ನೀರಿನಲ್ಲಿ ಕೆಲವು ನಿಮಿಷ ಕುದಿಸಿ. ನಗಬೇಡಿ, ನಿಜ. ಅಂಟಿದ ಕೊಳೆ, ಜಿಡ್ಡು ಬಿಡುತ್ತದೆ. ಒಂದು ದಿನ ಪೂರ್ತಿ ಒಣಗಿಸಿ ಜೋಡಿಸಿ. ಹೊಸ ಕನೆಕ್ಟರ್ ಸಿಗುತ್ತದೆ, ಆದರೆ ಅಗ್ಗದವು ಕ್ಯಾಸೆಟ್ಟನ್ನು ಮೊಸಳೆಯ ಹಾಗೆ ಕಚ್ಚಿ ಹಿಡಿಯುತ್ತವೆ. ನನ್ನ ಓಟು ಹಳೆಯದಕ್ಕೇ.

ಬಿಚ್ಚಲೇಬೇಕಾದಾಗ

ತಲೆಯ ಸುತ್ತ ಆರು ಕಚ್ಚು ಇರುವ ವಿಚಿತ್ರ ಸ್ಕ್ರೂ ಕಂಡರೆ ಅದಕ್ಕೆ ಗೇಮ್‌ಬಿಟ್ ಎಂಬ ಡ್ರೈವರ್ ಬೇಕು. ಕ್ಯಾಸೆಟ್‌ಗೆ 3.8 ಮಿ.ಮೀ., ಕನ್ಸೋಲ್‌ಗೆ 4.5 ಮಿ.ಮೀ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಒಂದು ಫೋಟೊ ಇರಲಿ. ರಟ್ಟಿನ ಮೇಲೆ ಕನ್ಸೋಲ್‌ನ ಆಕಾರ ಗೀಚಿ, ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಪ್ಲಾಸ್ಟಿಕ್ ಸೀಳುತ್ತದೆ.

ಆಟ ಓಡುತ್ತದೆ, ಸೇವ್ ಮಾತ್ರ ಉಳಿಯುವುದಿಲ್ಲವೇ? ಕ್ಯಾಸೆಟ್ ಒಳಗಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ಆಗಿನ ಸೇವ್ ಇರುವ ಮೆಮೊರಿಗೆ ಸದಾ ಚೂರು ಕರೆಂಟ್ ಬೇಕು. ಅದನ್ನು ಕೊಡುವುದು ಸಿಆರ್2032, ಸಿಆರ್2025 ತರಹದ 3 ವೋಲ್ಟ್ ಬಿಲ್ಲೆ. ಹಳೆಯದರ ಮೇಲೆ ಯಾವ ನಂಬರ್ ಇದೆಯೋ ಅದನ್ನೇ ಹಾಕಿ. ಬ್ಯಾಟರಿಗೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಸಿಡಿಯಬಹುದು. ಎರಡು ಕಡೆ ಲೋಹದ ಪಟ್ಟಿ ಅಂಟಿಸಿದ ಬ್ಯಾಟರಿ ಸಿಗುತ್ತದೆ, ಅದನ್ನು ತನ್ನಿ. ಬ್ಯಾಟರಿ ತೆಗೆದ ಕ್ಷಣ ಇದ್ದಬದ್ದ ಸೇವ್ ಹೋಗುತ್ತದೆ ಎಂಬುದು ಮೊದಲೇ ತಿಳಿದಿರಲಿ.

ಬಟನ್ ಒತ್ತಿದರೆ ಒಂದೊಂದು ಸಲ ಮಾತ್ರ ಕೇಳುವ ಕಂಟ್ರೋಲರ್ ಬಿಚ್ಚಿದರೆ, ರಬ್ಬರಿನ ತಳದಲ್ಲಿ ಕಪ್ಪು ಬಿಲ್ಲೆಗಳು ಕಾಣುತ್ತವೆ. ಕರೆಂಟ್ ದಾಟಿಸುವ ಕಾರ್ಬನ್ ಅದು. ಕೊಳೆಯೆಂದು ತಿಕ್ಕಿ ತೆಗೆದರೆ ಬಟನ್ ಕಥೆ ಮುಗಿಯಿತು. ಸುಮ್ನೆ ಒಮ್ಮೆ ಸವರಿ ಬಿಡಿ, ಬೋರ್ಡ್ ಮೇಲೆ ಆ ಬಿಲ್ಲೆಗಳು ತಾಗುವ ಜಾಗಗಳನ್ನು ಚೆನ್ನಾಗಿ ಒರೆಸಿ.

ಗೇಮ್ ಬಾಯ್ ತರಹದ ಕೈಯಾಟಿಕೆಯಲ್ಲಿ ಬ್ಯಾಟರಿ ಸೋರಿ ಬಿಳಿ ಹುಡಿ ಕಟ್ಟಿದ್ದರೆ, ಗ್ಲೌಸ್ ಹಾಕಿಕೊಂಡು ಬಿಳಿ ವಿನೆಗರ್‌ನಲ್ಲಿ ಅದ್ದಿದ ಬಡ್ ಸವರಿ. ಸೋರಿದ್ದು ಕ್ಷಾರ, ಹುಳಿಗೆ ಕರಗುತ್ತದೆ. ಆಮೇಲೆ ಆಲ್ಕೋಹಾಲ್‌ನಲ್ಲಿ ಒರೆಸಿ. ಸೆಗಾದ ಗೇಮ್ ಗೇರ್‌ನಲ್ಲಿ ಸದ್ದು ಅಡಗಿ ಪರದೆ ಮಂಕಾಗಿದ್ದರೆ ಬೋರ್ಡ್ ಮೇಲಿನ ಕೆಪಾಸಿಟರ್‌ಗಳು (ಚೂರು ಕರೆಂಟ್ ಹಿಡಿದಿಡುವ ಸಣ್ಣ ಬಿಡಿಭಾಗಗಳು) ಸೋರಿರುವ ಸಾಧ್ಯತೆಯೇ ಹೆಚ್ಚು. ಎಲ್ಲ ಬದಲಿಸಬೇಕು, ಬೆಸುಗೆಯಲ್ಲಿ ಕೈ ಪಳಗಿಲ್ಲದಿದ್ದರೆ ಬಲ್ಲವರಿಗೆ ಕೊಡಿ. ಹಳದಿಯಾದ ಮೈಯನ್ನು ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬಿಳಿ ಮಾಡುವವರಿದ್ದಾರೆ. ಬಿಳಿಯಾಗುತ್ತದೆ, ಮತ್ತೆ ಹಳದಿಯಾಗುವುದೂ ಉಂಟು. ನಾನು ಹಾಗೇ ಬಿಟ್ಟಿದ್ದೇನೆ.

ಎರಡಕ್ಕೆ ಮಾತ್ರ ಕೈ ಹಾಕಬೇಡಿ: ಹಳೇ ಡಬ್ಬಿ ಟಿವಿಯ ಒಳಭಾಗ, ಮತ್ತು ಗೋಡೆಯ ಕರೆಂಟ್ ನೇರ ಒಳಗೇ ಬರುವ ಪ್ಲೇಸ್ಟೇಷನ್‌ನಂಥವುಗಳ ಪವರ್ ಬೋರ್ಡ್. ಪ್ಲಗ್ ಕಿತ್ತ ಮೇಲೂ ಅಲ್ಲಿ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಮುಚ್ಚುವಾಗ ಸ್ಕ್ರೂ ತಿರುಗಿಸುವ ಮೊದಲು ಹಿಂದಕ್ಕೆ ಒಂದು ಸುತ್ತು ತಿರುಗಿಸಿ. ತೂತಿನೊಳಗಿನ ಹಳೇ ಥ್ರೆಡ್ ಸಿಕ್ಕಾಗ ಸ್ಕ್ರೂ ಟಕ್ ಎಂದು ಕೆಳಗೆ ಕೂರುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಬಿಗಿ ಮಾಡಿ, ಕೈಗೆ ಗಟ್ಟಿ ಅನಿಸಿದ ತಕ್ಷಣ ನಿಲ್ಲಿಸಿ.