ಬಸುರಿ ಅಂತ ಹಾಲ್ ಟಿಕೆಟ್ ತಡೆದಿದ್ರು, ನಾನ್ ಮಾಡಿದ್ದಿಷ್ಟು

ಎಂ.ಕಾಂ ಮೂರನೇ ಸೆಮ್‌ನಲ್ಲಿ ನಂಗೆ ಏಳು ತಿಂಗಳು, ಡಾಕ್ಟರ್ ಬೆಡ್ ರೆಸ್ಟ್ ಬರ್ದಿದ್ರು, ವಾಪಸ್ ಹೋದ್ರೆ ಅಟೆಂಡೆನ್ಸ್ ಶೇ. 75 ಇಲ್ಲ, ಹಾಲ್ ಟಿಕೆಟ್ ಕೊಡಲ್ಲ ಅಂದ್ರು. ಎಚ್‌ಓಡಿ ಮೇಡಂ "ಒಂದ್ ವರ್ಷ ಬಿಟ್ಟು ಬಾರಮ್ಮ, ಏನ್ ಅವಸರ" ಅಂದ್ರು (ಅವ್ರಿಗೂ ಎರಡು ಮಕ್ಳು!). ಬಾಯ್ಮಾತಲ್ಲಿ ಬೇಡ್ಕೊಳ್ಳೋದು ನಿಲ್ಸಿದ್ಮೇಲೇನೇ ಕೆಲ್ಸ ಆಗಿದ್ದು.

ಯುಜಿಸಿ (ದೇಶದ ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಆಯೋಗ) 2021ರ ಡಿಸೆಂಬರ್‌ನಲ್ಲಿ ಯೂನಿವರ್ಸಿಟಿ ಕುಲಪತಿಗಳಿಗೆ ಪತ್ರ ಬರ್ದಿದೆ, ಎಂಫಿಲ್ ಪಿಎಚ್‌ಡಿಯವ್ರಿಗೆ 240 ದಿನದ ಹೆರಿಗೆ ರಜೆ ಇದ್ದಂಗೆ ಡಿಗ್ರಿ, ಪಿಜಿ ಹುಡ್ಗೀರಿಗೂ ರಜೆ, ಅಟೆಂಡೆನ್ಸ್ ರಿಯಾಯಿತಿ, ಪರೀಕ್ಷೆ ಫಾರಂಗೆ ಹೆಚ್ಚು ಟೈಮು ಇವಕ್ಕೆಲ್ಲ ನಿಯಮ ಮಾಡ್ಕೊಳಿ ಅಂತ. ಆದ್ರೆ ಅದು ಕೋರಿಕೆ ಅಷ್ಟೇ, ತಾನಾಗೇ ಸಿಗಲ್ಲ, ನಾವೇ ಕೇಳ್ಬೇಕು. ಅದರ ಪ್ರಿಂಟು, ಡಾಕ್ಟರ್ ಸರ್ಟಿಫಿಕೇಟು, ತಾಯಿ ಕಾರ್ಡ್ ಜೆರಾಕ್ಸ್ ಎಲ್ಲಾ ಇಟ್ಟು ಪ್ರಿನ್ಸಿಪಾಲರಿಗೆ ಅರ್ಜಿ, ರಿಜಿಸ್ಟ್ರಾರ್‌ಗೆ ಒಂದು ಪ್ರತಿ, ಎರಡ್ಕೂ ಸೀಲ್ ಹಾಕಿಸ್ಕೊಂಡೆ. ಕೊನೇ ಸಾಲು: ಕೊಡಲ್ಲ ಅಂದ್ರೆ ಕಾರಣ ಬರವಣಿಗೇಲಿ ಕೊಡಿ. ಆ ಸಾಲೇ ಕೆಲ್ಸ ಮಾಡ್ತು ಅನ್ಸತ್ತೆ, ಒಂಬತ್ತನೇ ದಿನ ಹಾಲ್ ಟಿಕೆಟ್ ಬಂತು.

ಒಂದ್ ಪೇಪರ್ ಮಾತ್ರ ಹೆರಿಗೇಲಿ ಹೋಯ್ತು, ಮುಂದಿನ್ ಸಲ ಬರ್ದೆ, ಮಗು ಹೊರಗೆ ಬೆಂಚ್ ಮೇಲೆ ಅಮ್ಮನ್ ತೊಡೇಲಿ.