ದುಃಖದ ಒಂದು ಪದ, ಯುರೋಪಿನ ತುಂಬ ಅದರ ನೆಂಟರು: ಪತ್ತೆ ಹಚ್ಚುವ ಬಗೆ

ಇಂಗ್ಲಿಷಿನ ‘ಸ್ಯಾಡ್’ ಮತ್ತು ಜರ್ಮನ್ನಿನ ‘ಜ಼ಾಟ್’ ಒಂದೇ ಪದದಿಂದ ಬಂದವು. ಮೊದಲನೆಯದಕ್ಕೆ ಈಗ ದುಃಖ ಎಂಬ ಅರ್ಥ, ಎರಡನೆಯದಕ್ಕೆ ಹೊಟ್ಟೆ ತುಂಬಿದೆ ಎಂಬ ಅರ್ಥ. ಇಂಗ್ಲಿಷಿನದೇ ‘ಸಾರೋ’ ಮತ್ತು ‘ಸಾರಿ’ ಪದಗಳು ಉಚ್ಚಾರದಲ್ಲೂ ಅರ್ಥದಲ್ಲೂ ಅಕ್ಕಪಕ್ಕದವು, ಆದರೆ ಅವುಗಳ ಬೇರು ಬೇರೆ ಬೇರೆ. ಕಿವಿಗೆ ಒಂದೇ ಥರ ಕೇಳಿಸಿತು, ನಿಘಂಟಿನಲ್ಲಿ ಒಂದೇ ಅರ್ಥ ಸಿಕ್ಕಿತು ಎಂದು ನೆಂಟಸ್ತನ ಕಟ್ಟಿದರೆ ಎರಡೂ ಕಡೆ ತಪ್ಪುತ್ತೀರಿ.

ಮೊದಲು ಒಂದೇ ಪದ ಹಿಡಿಯಿರಿ. ಒಂದು ಹಾಳೆಯಲ್ಲಿ ಐದು ಅಂಕಣ ಹಾಕಿ: ಭಾಷೆ, ಸಿಕ್ಕಿರುವ ಅತಿ ಹಳೆಯ ರೂಪ, ಅದರ ಕಾಲ, ಆ ಕಾಲದ ಅರ್ಥ, ಇಂದಿನ ರೂಪ ಮತ್ತು ಅರ್ಥ. ನಾಲ್ಕನೆಯ ಅಂಕಣವನ್ನು ಖಾಲಿ ಬಿಡಬೇಡಿ, ಅರ್ಧ ಕೆಲಸ ನಡೆಯುವುದೇ ಅಲ್ಲಿ. ‘ಸ್ಯಾಡ್’ ಎದುರು ಹಳೆಯ ಇಂಗ್ಲಿಷಿನ ‘ಸ್ಯಾದ್’ ಬರೆದು, ಅರ್ಥದ ಜಾಗದಲ್ಲಿ ‘ತಣಿದ, ಸಾಕಾದ, ದಣಿದ’ ಎಂದು ಹಾಕಿ. ಮಧ್ಯಕಾಲದ ಇಂಗ್ಲಿಷಿನಲ್ಲಿ ಅದು ‘ಗಟ್ಟಿ, ಭಾರ, ಗಂಭೀರ’ ಎಂದಾಗಿ, 14ನೇ ಶತಮಾನದ ಹೊತ್ತಿಗೆ ‘ದುಃಖಿತ’ ಎಂಬಲ್ಲಿಗೆ ಬಂತು. ತಣಿದವನು ದುಃಖಿತನಾದದ್ದು ಹೇಗೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ‘ಸಾಕು’ ಎಂದರೆ ಬೇಕಾದಷ್ಟಾಯಿತು ಎಂದೂ ಹೌದು, ‘ಸಾಕಾಗಿ ಹೋಗಿದೆ’ ಎಂದರೆ ಬೇಸತ್ತಿದ್ದೇನೆ ಎಂದೂ ಹೌದು.

ಮುಂದೆ ಅದೇ ಕವಲಿನ ಹತ್ತಿರದ ಭಾಷೆಗಳಿಗೆ ಹೋಗಿ. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್‌ಗಳಿರುವ ಈ ಕವಲಿಗೆ ಜರ್ಮಾನಿಕ್ ಎಂದು ಹೆಸರು. ಜರ್ಮನ್ ‘ಜ಼ಾಟ್’ ಎಂದರೆ ಹೊಟ್ಟೆ ತುಂಬಿದ, ಡಚ್ ‘ಜ಼ಾಟ್’ ಎಂದರೆ ಹೊಟ್ಟೆ ತುಂಬಿದ ಅಥವಾ ಕುಡಿದು ತೂರಾಡುವ. ಜರ್ಮನ್ನಿನಲ್ಲಿ ಇದನ್ನು ‘ಸ’ ಅಕ್ಷರದಿಂದ ಬರೆದು ‘ಜ಼’ ಎಂದು ನುಡಿಯುತ್ತಾರೆ. ಡಚ್ಚರು ಬರೆಯುವುದೂ ‘ಜ಼’ ಅಂತಲೇ. ಆದ್ದರಿಂದ ಕಾಗುಣಿತ ಮತ್ತು ಉಚ್ಚಾರ ಎರಡನ್ನೂ ಗುರುತು ಹಾಕಿಕೊಳ್ಳಿ.

ಇನ್ನು ಧ್ವನಿಯ ಪರೀಕ್ಷೆ. ಹಳಗನ್ನಡದ ‘ಪಾಲ್’ ‘ಹಾಲು’ ಆದದ್ದು ಒಂಟಿ ಘಟನೆಯಲ್ಲ: ಪಗಲ್ ಹಗಲಾಯಿತು, ಪುಲಿ ಹುಲಿಯಾಯಿತು. ಯುರೋಪಿನ ಭಾಷೆಗಳಲ್ಲೂ ಇಂಥ ಸಾಲುಗಳಿವೆ. ಜರ್ಮನ್ ಭಾಷಾವಿಜ್ಞಾನಿ ಯಾಕೋಬ್ ಗ್ರಿಮ್ 1822ರಲ್ಲಿ ಜರ್ಮಾನಿಕ್ ವ್ಯಂಜನಗಳ ಬದಲಾವಣೆಯನ್ನು ನಿಯಮವಾಗಿ ಮಂಡಿಸಿದರು. ಅದಕ್ಕೆ ಹೊಂದದೆ ಉಳಿದ ಒಂದು ದೊಡ್ಡ ಗುಂಪನ್ನು 1877ರಲ್ಲಿ ಡೆನ್ಮಾರ್ಕಿನ ಕಾರ್ಲ್ ವರ್ನರ್ ಪದದ ಒತ್ತಿನ ಆಧಾರದಿಂದ ವಿವರಿಸಿದರು. ಲ್ಯಾಟಿನ್ನಿನ ‘ಪಾತೆರ್’ (ತಂದೆ) ಹಳೆಯ ಇಂಗ್ಲಿಷಿನಲ್ಲಿ ‘ಫ್ಯಾಡೆರ್’, ಜರ್ಮನ್ನಿನಲ್ಲಿ ‘ಫಾಟರ್’. ಅಂದರೆ ಪದದ ನಡುವೆ ಲ್ಯಾಟಿನ್ನಿನ ತ್, ಹಳೆಯ ಇಂಗ್ಲಿಷಿನ ಡ್, ಜರ್ಮನ್ನಿನ ಟ್. ‘ಸತಿಸ್’ (ಸಾಕು), ‘ಸ್ಯಾಡ್’, ‘ಜ಼ಾಟ್’ ಪದಗಳನ್ನು ಇದೇ ಅಚ್ಚಿನಲ್ಲಿಟ್ಟು ನೋಡಿ, ಸರಿಯಾಗಿ ಕೂರುತ್ತವೆ. ಧಾತು ಒಂದೇ, ಪ್ರತ್ಯಯ ಮಾತ್ರ ಬೇರೆ. ಲಿಥುವೇನಿಯನ್ನಿನ ‘ಸೋತುಸ್’ (ಹೊಟ್ಟೆ ತುಂಬಿದ) ಕೂಡ ಈ ಮನೆಯದೇ. ಹೊಸ ಜೋಡಿ ಸಿಕ್ಕಾಗಲೆಲ್ಲ ಅದೇ ಧ್ವನಿಸಾಲಿಗೆ ಹೊಂದುವ, ಅರ್ಥಕ್ಕೆ ಸಂಬಂಧವೇ ಇಲ್ಲದ ಮೂರು ಜೋಡಿಯಾದರೂ ಹುಡುಕಿ ಪಕ್ಕದಲ್ಲಿ ಬರೆಯಿರಿ. ಸಿಗದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ. ರಷ್ಯನ್ನಿನ ‘ಸಿತಿಯ್’ (ಹೊಟ್ಟೆ ತುಂಬಿದ) ಅಂಥದ್ದು. ಅರ್ಥ ತೀರಾ ಹೊಂದುತ್ತದೆ, ವ್ಯಂಜನಗಳೂ ಹೊಂದುತ್ತವೆ, ಆದರೆ ಈ ಧಾತುವಿನಿಂದ ಬಂದಿದ್ದರೆ ಅಲ್ಲಿ ‘ಅ’ ಸ್ವರ ಇರಬೇಕಿತ್ತು.

ಅತಿ ಹೆಚ್ಚು ಜನ ಮುಗ್ಗರಿಸುವುದು ಎರವಲು ಪದಗಳಲ್ಲಿ. ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್‌ಗಳ ‘ತ್ರಿಸ್ತೆ’, ಫ್ರೆಂಚಿನ ‘ತ್ರಿಸ್ತ್’ ಎಲ್ಲಕ್ಕೂ ಲ್ಯಾಟಿನ್ನಿನ ‘ತ್ರಿಸ್ತಿಸ್’ (ದುಃಖಿತ) ಮೂಲ. ಜರ್ಮನ್ನಿನಲ್ಲೂ ‘ಟ್ರಿಸ್ಟ್’ ಇದೆ, ಸ್ವೀಡಿಷ್‌ನಲ್ಲೂ ಇದೆ. ಇವೂ ಹುಟ್ಟುನೆಂಟರೇ? ಲ್ಯಾಟಿನ್ನಿನ ಪದಾದಿ ತ್ ಜರ್ಮನ್ನಿನಲ್ಲಿ ಡ್ ಆಗಬೇಕು: ‘ತ್ರೆಸ್’ (ಮೂರು) ‘ಡ್ರೈ’ ಆಗಿದೆ, ‘ತೂ’ (ನೀನು) ‘ಡೂ’ ಆಗಿದೆ, ‘ತೆನುಯಿಸ್’ (ತೆಳು) ‘ಡ್ಯೂನ್’ ಆಗಿದೆ. ‘ಟ್ರಿಸ್ಟ್’ನಲ್ಲಿ ಟ್ ಹಾಗೇ ಉಳಿದಿದೆ, ಏಕೆಂದರೆ ಆ ಬದಲಾವಣೆ ಮುಗಿದ ಎಷ್ಟೋ ಕಾಲದ ಮೇಲೆ ಅದು ಫ್ರೆಂಚಿನಿಂದ ಬಂತು. ಎರಡು ಭಾಷೆಗಳ ಪದ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಮೊದಲ ಅನುಮಾನ ಎರವಲಿನ ಮೇಲಿರಲಿ. ‘ಮೆಲಂಕೊಲಿ’ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ‘ಕಪ್ಪು ಪಿತ್ತ’ ಎಂಬ ಗ್ರೀಕ್ ವೈದ್ಯಕೀಯ ಪದ ಅದು, ಯುರೋಪಿನ ಎಲ್ಲೆಡೆಗೂ ಎರವಲಾಗಿಯೇ ಹೋಯಿತು.

ರಷ್ಯನ್, ಪೋಲಿಷ್, ಚೆಕ್ ಮೊದಲಾದ ಸ್ಲಾವಿಕ್ ಭಾಷೆಗಳಲ್ಲಿ ಎರವಲು ಇನ್ನೂ ನಯವಾಗಿ ಬಚ್ಚಿಟ್ಟುಕೊಳ್ಳುತ್ತದೆ. ‘ಕೈ’ಗೆ ಪೋಲಿಷ್ ‘ರೆಂಕಾ’, ಚೆಕ್ ‘ರುಕಾ’. ‘ಹಲ್ಲು’ ಪೋಲಿಷ್‌ನಲ್ಲಿ ‘ಜ಼ೊಂಪ್’, ಚೆಕ್‌ನಲ್ಲಿ ‘ಜ಼ುಪ್’. ಇಂಥ ಪದಗಳಲ್ಲಿ ಪೋಲಿಷ್‌ಗೆ ಅನುನಾಸಿಕ ಇರುವಲ್ಲಿ ಚೆಕ್‌ಗೆ ‘ಉ’. ಆದರೆ ದುಃಖಕ್ಕೆ ಎರಡರಲ್ಲೂ ‘ಸ್ಮುತೆಕ್’! ಪೋಲಿಷ್‌ನ ಸ್ವಂತ ರೂಪ ‘ಸ್ಮೆಂತೆಕ್’. ‘ಉ’ ಇರುವುದು ಚೆಕ್ ಪ್ರಭಾವ. ಇದರ ಧಾತುವಿನ ಅರ್ಥ ಕಲಕುವುದು, ಬಗ್ಗಡ ಮಾಡುವುದು. ರಷ್ಯನ್ನಿನ ನೆಂಟ ‘ಸ್ಮೂತಾ’ ಎಂದರೆ ದಂಗೆ, ಗೊಂದಲ. 1598ರಿಂದ 1613ರವರೆಗಿನ ಅರಾಜಕತೆಗೆ ಅಲ್ಲಿ ಇದೇ ಹೆಸರು. ‘ಸ್ಮೂತ್ನಿಯ್’ ಎಂದರೆ ಅಸ್ಪಷ್ಟ. ಪೋಲಿಷ್ ಬಲ್ಲವರು ಇದನ್ನು ದುಃಖ ಎಂದು ಓದಿಕೊಂಡರೆ ವಾಕ್ಯವೇ ತಪ್ಪಿತು.

ಲ್ಯಾಟಿನ್ ಮೂಲದ ಪದಗಳಿಗೆ ಒಂದು ಎಚ್ಚರಿಕೆ: ನಿಘಂಟು ಕೊಡುವುದು ಪ್ರಥಮಾ ವಿಭಕ್ತಿ, ಮಗಳುಭಾಷೆಗಳ ನಾಮಪದಗಳು ಸಾಮಾನ್ಯವಾಗಿ ಹುಟ್ಟಿದ್ದು ದ್ವಿತೀಯೆಯಿಂದ. ‘ಸೋಲಿತಾಸ್’ (ಒಂಟಿತನ) ಹಿಡಿದು ಕೂತರೆ ದಾರಿ ಕಾಣದು, ‘ಸೋಲಿತಾತೆಮ್’ ಬರೆದುಕೊಳ್ಳಿ. ಸ್ಪ್ಯಾನಿಷ್ ‘ಸೊಲೆದಾದ್’ ತಾನೇ ಕಾಣುತ್ತದೆ. ಪೋರ್ಚುಗೀಸ್ ಎರಡು ಸ್ವರಗಳ ನಡುವಿನ ಲ್ ಬೀಳಿಸುತ್ತದೆ. ಸ್ಪ್ಯಾನಿಷ್ ‘ಕೊಲೋರ್’ (ಬಣ್ಣ), ‘ದೊಲೋರ್’ (ನೋವು) ಅಲ್ಲಿ ‘ಕೋರ್’, ‘ದೋರ್’. ಹಾಗೆಯೇ ಹಳೆಯ ಪೋರ್ಚುಗೀಸ್‌ನಲ್ಲಿ ‘ಸೊಯ್ದಾದೆ’ ಆಯಿತು. ಅಗಲಿಕೆಯ ಹಂಬಲ ಎಂಬರ್ಥದ ಇಂದಿನ ‘ಸೌದಾದೆ’ಯ ‘ಔ’ ಮಾತ್ರ ಈ ನಿಯಮದಿಂದ ಬರುವುದಿಲ್ಲ. ‘ವಂದಿಸು’ ಎಂಬರ್ಥದ ‘ಸೌದಾರ್’ನಂಥ ಪದಗಳ ಸೆಳೆತ ಎಂಬುದು ಸಾಮಾನ್ಯ ವಿವರಣೆ.

ರೊಮೇನಿಯನ್ನಿನಲ್ಲೂ ‘ದೋರ್’ ಇದೆ, ಅರ್ಥ ಹಂಬಲ. ಧಾತು ಪೋರ್ಚುಗೀಸಿನದೇ, ದಾರಿ ಬೇರೆ. ಪೋರ್ಚುಗೀಸಿನದು ‘ದೋಲೋರೆಮ್’ನಿಂದ ಲ್ ಬಿದ್ದು ಉಳಿದದ್ದು. ರೊಮೇನಿಯನ್ನಿನದು ಉತ್ತರಕಾಲೀನ ಲ್ಯಾಟಿನ್ನಿನ ‘ದೋಲುಸ್’ನಿಂದ ಲ್ ಹೋಗಿ ರ್ ಆದದ್ದು, ‘ಸೋಲೆಮ್’ (ಸೂರ್ಯ) ‘ಸ್ವಾರೆ’ ಆದ ಹಾಗೆ. ಫ್ರೆಂಚಿನ ‘ದ್ಯೋಯ್’, ಸ್ಪ್ಯಾನಿಷ್‌ನ ‘ದುಯೆಲೊ’ (ಸಾವಿನ ಶೋಕ) ಸಹ ‘ದೋಲುಸ್’ ಕಡೆಯವು. ಇಲ್ಲಿ ಎರಡು ಗುಂಡಿಗಳಿವೆ. ಶಾಸ್ತ್ರೀಯ ಲ್ಯಾಟಿನ್ನಿನ ‘ದೋಲುಸ್’ ಎಂದರೆ ಮೋಸ, ಅದು ಬೇರೆ ಪದ. ದ್ವಂದ್ವಯುದ್ಧ ಎಂಬರ್ಥದ ಸ್ಪ್ಯಾನಿಷ್ ‘ದುಯೆಲೊ’ ಬಂದದ್ದು ‘ದುಯೆಲ್ಲುಮ್’ನಿಂದ, ಅದೂ ಬೇರೆ.

‘ಸಾರೋ’–‘ಸಾರಿ’ ಬಿಡಿಸಲು ಎರಡನ್ನೂ ಹಳೆಯ ಇಂಗ್ಲಿಷಿಗೆ ಒಯ್ಯಿರಿ. ಒಂದು ‘ಸೋರ್ಗ್’, ಇನ್ನೊಂದು ‘ಸಾರಿಗ್’. ಮೊದಲನೆಯದರ ನೆಂಟರು ಜರ್ಮನ್ ‘ಜ಼ೋರ್ಗ’ (ಚಿಂತೆ), ಡಚ್ ‘ಜ಼ೋರ್ಖ್’ (ಆರೈಕೆ), ಸ್ವೀಡಿಷ್ ‘ಸೋರ್ಯ್’ (ಶೋಕ). ಎರಡನೆಯದು ಗಾಯ, ನೋವು ಎಂಬರ್ಥದ ‘ಸಾರ್’ನಿಂದ ಬಂದದ್ದು, ಅದೇ ಇಂಗ್ಲಿಷಿನ ‘ಸೋರ್’, ಸ್ವೀಡಿಷ್‌ನ ಗಾಯ ‘ಸೋರ್’, ಜರ್ಮನ್ನಿನಲ್ಲಿ ‘ತುಂಬಾ’ ಎಂದಾಗಿರುವ ‘ಜ಼ೇರ್’.

ಎಲ್ಲ ಸೇರಿಸಿ ನಕ್ಷೆ ಬರೆಯುವಾಗ ವಂಶಕ್ಕೆ ಗಟ್ಟಿ ಗೆರೆ, ಎರವಲಿಗೆ ಚುಕ್ಕೆ ಗೆರೆ ಬಳಸಿ. ದಾಖಲೆಯಲ್ಲಿ ಸಿಗದ, ಪುನಾರಚಿಸಿದ ರೂಪದ ಮುಂದೆ ನಕ್ಷತ್ರ ಚಿಹ್ನೆ ಕಡ್ಡಾಯ. ಫಿನ್ನಿಷ್ ಈವರೆಗಿನ ಯುರೋಪಿನ ಭಾಷೆಗಳೆಲ್ಲ ಸೇರಿದ ಇಂಡೋ-ಯುರೋಪಿಯನ್ ಮನೆತನದ್ದಲ್ಲ, ಆದ್ದರಿಂದ ‘ಸಾರ್’ ಕಡೆಯದೇ ಆದ ಅಲ್ಲಿನ ‘ಸೈರಸ್’ (ಕಾಯಿಲೆಯಾದ) ಪದಕ್ಕೆ ಚುಕ್ಕೆ ಗೆರೆಯೇ ಬೇಕು. ಆ ಗೆರೆಯನ್ನು ಇಂದಿನ ಸ್ವೀಡಿಷ್‌ನಿಂದ ಎಳೆಯಬೇಡಿ, ಜರ್ಮಾನಿಕ್ ಭಾಷೆಗಳೆಲ್ಲದರ ತಾಯಿಯಾದ ಮೂಲ ಜರ್ಮಾನಿಕ್‌ನ ‘*ಸೈರಜ಼್’ನಿಂದ ಎಳೆಯಿರಿ. ಸ್ವೀಡಿಷ್ ಕಳೆದುಕೊಂಡ ‘ಐ’ ಸ್ವರವೂ ಪದಾಂತ್ಯವೂ ಫಿನ್ನಿಷ್‌ನಲ್ಲಿ ಇನ್ನೂ ಉಳಿದಿವೆ.