ಸಾಹೇಬರ ಬಂಗಲೆಗೆ ಸುಣ್ಣದ ಗಾರೆ: ನನ್ನ ಅನುಭವ

ಗಾರೆ ಬಳಿದ ಮೇಲೆ ಮೂರು ಮಳೆಗಾಲ ಕಳೆದವು. ಪಡುವಣ ಗೋಡೆಯಲ್ಲಿ ಉಪ್ಪು ಬೆಳ್ಳಗೆ ಹೊಮ್ಮಿಲ್ಲ, ಬಣ್ಣ ಎದ್ದಿಲ್ಲ, ಬೀರುವಿನ ಹಿಂದೆ ಬೂಷ್ಟು ಇಲ್ಲ. ಹಾಗಾಗಿ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ "ಒಂದು ಮಳೆ ನೋಡಿ ಆಮೇಲೆ ಮಾತಾಡ್ರೀ" ಅನ್ನುವವರೇ ಹೆಚ್ಚಿದ್ದರು. ಅವರಲ್ಲಿ ಮುಕ್ಕಾಲು ಪಾಲು ನಮ್ಮ ಇಲಾಖೆಯ ಇಂಜಿನಿಯರುಗಳೇ.

ಶಿವಮೊಗ್ಗ ಜಿಲ್ಲೆಯ ಘಟ್ಟದಂಚಿನ ತಾಲ್ಲೂಕು, ಅಧಿಕಾರಿಯೊಬ್ಬರ ಸರ್ಕಾರಿ ನಿವಾಸ. ಊರಿನ ಹೆಸರು ಬೇಡ, ಒಳಗೆ ಸಂಸಾರವಿದೆ. ಮಹಾರಾಜರ ಕಾಲದ ಕಟ್ಟಡ. ಎರಡಡಿಗೂ ದಪ್ಪದ ಜಂಬಿಟ್ಟಿಗೆ ಗೋಡೆ, ತೇಗ-ಹೊನ್ನೆಯ ಮಾಡು (ಚಾವಣಿ), ಮಂಗಳೂರು ಹೆಂಚು, ಕೆಂಪು ಕಾವಿಯ ನೆಲ. 1961ರ ಸ್ಮಾರಕ ಕಾಯ್ದೆಯ ಪಟ್ಟಿಯಲ್ಲಿ ಇಲ್ಲ. ಅಂದರೆ ಕೆಡವಿದರೂ ಕೇಳುವವರಿಲ್ಲ, ಉಳಿಸಿದರೂ ಕೇಳುವವರಿಲ್ಲ. ಆ ಎರಡನೆಯದೇ ನನಗೆ ಅನುಕೂಲವಾಯಿತು.

ಮೂವತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಗೋಡೆಗೆಲ್ಲ ಸಿಮೆಂಟ್ ಪ್ಲಾಸ್ಟರ್ ಹೊಡೆಸಿ, ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸಿದ್ದರು. ಮುಂದಿನದು ನಿಮಗೆ ಗೊತ್ತೇ ಇದೆ. ನೆಲದಿಂದ ಹೀರಿದ ನೀರಿಗೆ ಹೊರಗೆ ಬರಲು ದಾರಿಯಿಲ್ಲ, ಅದು ಮೇಲೇರುತ್ತಾ ಹೋಯಿತು. ನಾನು ನೋಡುವಾಗ ತೇವ ಕಿಟಕಿಯ ಕೆಳಪಟ್ಟಿ ಮುಟ್ಟಿತ್ತು, ಮಾಡಿನ ತೊಲೆಯ ತುದಿಗಳಿಗೆ ಗೆದ್ದಲು. ಎರಡು ವರ್ಷಕ್ಕೊಮ್ಮೆ 'ವಿಶೇಷ ದುರಸ್ತಿ' ಹೆಸರಿನಲ್ಲಿ ವಾಟರ್‌ಪ್ರೂಫ್ ಕೋಟ್, ಮೇಲೆ ಎಮಲ್ಷನ್. ಹಳೇ ಕಡತ ತೆಗೆದು ಕೂಡಿಸಿದೆ. ನೆನಪಿನಲ್ಲಿರುವ ಹಾಗೆ ಹದಿನೈದು ಹದಿನಾರು ಲಕ್ಷ ಗೋಡೆಯಿಂದ ಉದುರಿ ಚರಂಡಿ ಸೇರಿತ್ತು. ಮೇಲಿನವರ ಮುಂದೆ ಕೆಲಸಕ್ಕೆ ಬಂದದ್ದು ಈ ಒಂದೇ ಲೆಕ್ಕ. 'ಪರಂಪರೆ', 'ಇತಿಹಾಸ' ಅಂದಾಗ ಯಾರೂ ತಲೆ ಎತ್ತಿರಲಿಲ್ಲ.

ಸಿಮೆಂಟ್ ಕಿತ್ತು ಸುಣ್ಣದ ಗಾರೆ ಬಳಿಯಲು ನಲವತ್ತು ಲಕ್ಷದ ಹತ್ತಿರ ಅಂದಾಜು ಕೊಟ್ಟೆ, ಇಪ್ಪತ್ತೆರಡು ಚಿಲ್ಲರೆ ಬಂತು. ಬೆಲ್ಲದ ನೀರು ಬೆರೆಸಿ ಅರೆದ ಸುಣ್ಣದ ಗಾರೆಗೆ ಹೊಂದುವ ದರ ಇಲಾಖೆಯ ದರಪಟ್ಟಿಯಾದ ಎಸ್‌ಆರ್‌ನಲ್ಲಿ ಸಿಗಲಿಲ್ಲ. ಆಳು, ಸಾಮಾನು ಬಿಡಿಸಿ ದರ ವಿಶ್ಲೇಷಣೆ ಮಾಡಿದರೆ ಸಿಮೆಂಟ್ ಪ್ಲಾಸ್ಟರಿನ ಎರಡೂವರೆ ಪಟ್ಟು. "4(ಜಿ) ವಿನಾಯಿತಿ ಕೇಳಿ" ಎಂದರು ಒಬ್ಬರು, ಅಂದರೆ ಟೆಂಡರಿಲ್ಲದೆ ಕೆಲಸ ಕೊಡುವ ಅನುಮತಿ. ಆ ಕಡತ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಮಾಡೇ ಕೂತುಬಿಡುತ್ತಿತ್ತು. ಟೆಂಡರೇ ಕರೆದೆವು. ಬಂದ ಗುತ್ತಿಗೆದಾರರು ಗೋಡೆ ತಟ್ಟಿ ನೋಡಿ, "ಸಾರ್, ಬೆಲ್ಲದ ನೀರಲ್ಲಿ ಗೋಡೆ ನಿಲ್ತದಾ? ಇರುವೆ ಬರ್ತದೆ ಅಷ್ಟೆ" ಎಂದು ನಕ್ಕರು. ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿ (ಇಟ್ಟಿಗೆ ಪುಡಿ ಬೆರೆಸಿದ ಸುಣ್ಣದ) ಗಾರೆಯ ಮೇಲೆ ಮಾರಾಯ್ರೆ, ಅಲ್ಲಿ ಹೋಗಿ ನಗಿ ಎಂದೆ.

ಮೊದಲು ಮಾಡಿದ್ದು ಗೋಡೆಯ ಕೆಲಸವಲ್ಲ, ನೀರಿನ ಕೆಲಸ. ಕಾಂಕ್ರೀಟ್ ಪಟ್ಟಿ ಒಡೆದು ತೆಗೆದು, ವರ್ಷವರ್ಷ ಏರಿದ್ದ ಅಂಗಳದ ಮಣ್ಣನ್ನು ಒಂದಡಿಗೂ ಹೆಚ್ಚು ಇಳಿಸಿ, ಸೂರಿನ ನೀರು ಬೀಳುವ ಗೆರೆಗೆ ಜಲ್ಲಿ ತುಂಬಿದ ಕಾಲುವೆ ಕೊಟ್ಟೆವು. ಖರ್ಚು ಲಕ್ಷ ಚಿಲ್ಲರೆ. ಅರ್ಧ ತೇವ ಅದರಲ್ಲೇ ಇಳಿಯಿತು. ಹಣವೇ ಇಲ್ಲ ಎನ್ನುವವರು ಇದೊಂದನ್ನಾದರೂ ಮಾಡಿ.

ಸಿಮೆಂಟ್ ಕೀಳಲು ಬ್ರೇಕರ್ ತರಲೇ ಬೇಡಿ, ಜಂಬಿಟ್ಟಿಗೆಯ ಮುಖವೇ ಎದ್ದು ಬರುತ್ತದೆ. ಉಳಿ, ಸುತ್ತಿಗೆ, ತಾಳ್ಮೆ. ಎರಡೆರಡು ಕೋಣೆ ಖಾಲಿ ಮಾಡಿಸಿ, ಮನೆಯವರನ್ನು ಆಚೀಚೆ ಸರಿಸುತ್ತಾ ಮಾಡಿದ್ದು. ಬರಿಗೋಡೆಯನ್ನು ಬೇಸಿಗೆ ಪೂರ್ತಿ ಒಣಗಲು ಬಿಟ್ಟೆ. ಇಲ್ಲೇ ದೊಡ್ಡ ಜಗಳ. ಅನುದಾನ ಬರುವುದು ಜನವರಿ ಕೊನೆಗೆ, ಬಿಲ್ ಆಗಬೇಕಾದ್ದು ಮಾರ್ಚ್ 31ರೊಳಗೆ, ಗಾರೆಗೆ ಹದವಾದ ಕಾಲ ಮಳೆ ಕಳೆದ ಅಕ್ಟೋಬರ್. ಮಾರ್ಚ್ ಬಿಸಿಲಿಗೆ ಹಾಕಿದ ನಮೂನೆ ಪ್ಯಾಚು ವಾರದೊಳಗೆ ಕೆರೆಯ ಕೆಸರಿನಂತೆ ಬಿರಿಯಿತು. ಮೇ ಕೊನೆಗೆ ಹಾಕಿದ್ದು ಮೊದಲ ಮಳೆಗೇ ಕರಗಿ ಅಂಗಳಕ್ಕಿಳಿಯಿತು. ಗುತ್ತಿಗೆದಾರರು ಅದರ ಫೋಟೋ ತೆಗೆದು ಎಲ್ಲರಿಗೂ ಕಳಿಸಿದರು. ಕೊನೆಗೆ ಕೀಳುವ ಕೆಲಸ, ಕಾಲುವೆ, ಮಾಡು ಇಷ್ಟನ್ನು ಆ ಮಾರ್ಚ್‌ಗೆ ಎಂಬಿ (ಅಳತೆ ಪುಸ್ತಕ) ಬರೆದು, ಗಾರೆಯನ್ನು ಮುಂದಿನ ವರ್ಷದ ಕಾಮಗಾರಿಯಾಗಿ ಒಡೆದೆ. ಒಡೆದದ್ದು ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ, ಆಡಿಟ್‌ನವರೂ ಕನ್ನಡ ಓದುತ್ತಾರೆ.

ಮಳೆಗಾಲದಲ್ಲಿ ಬರಿಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿದೆ. ನಮ್ಮ ಕಡೆ ಹಳೇ ಮನೆಗಳಿಗೆಲ್ಲ ಕಟ್ಟುವುದೇ ತಾನೆ, ಜಡಿ ಹೊಡೆಯುವ ಬದಿಗೆ. ಸಾಹೇಬರ ಬಂಗಲೆಗೆ ಸೋಗೆ ಕಟ್ಟಿದ್ದಾರೆ ಎಂದು ಊರೆಲ್ಲ ಮಾತಾಯಿತು. ಮೇಡಂ ಒಬ್ಬರೇ, "ನಮ್ಮಜ್ಜಿ ಮನೆ ನೆನಪಾಗ್ತದೆ, ಇರ್ಲಿ ಬಿಡಿ" ಅಂದರು.

ಇನ್ನು ಗಾರೆ. ಬಾಗಲಕೋಟೆ ಕಡೆಯ ಕಲ್ಲುಸುಣ್ಣ, ಕರಾವಳಿಯ ಚಿಪ್ಪುಸುಣ್ಣ ಎರಡನ್ನೂ ತರಿಸಿದೆ. ಒರಟು ಕೋಟಿಗೆ ಕಲ್ಲುಸುಣ್ಣ, ನಯಕ್ಕೆ ಚಿಪ್ಪಿನದು. ಅರಳಿಸಿ, ಸೋಸಿ, ತೊಟ್ಟಿಯಲ್ಲಿ ನೀರಿನಡಿ ಎರಡು ತಿಂಗಳಿಗೂ ಮೇಲೆ ಇಟ್ಟದ್ದು. ಸುರ್ಕಿಗೆ ಒಡೆದ ಮಂಗಳೂರು ಹೆಂಚು ಪುಡಿ ಮಾಡಿಸಿದ್ದೆ, ಬಿಟ್ಟಿ ಸಿಗುತ್ತದಲ್ಲ ಎಂದು. ಅದು ತೀರಾ ಬೆಂದ ಮಣ್ಣು, ಸುಣ್ಣದ ಜೊತೆ ಸರಿಯಾಗಿ ಹಿಡಿಯಲಿಲ್ಲ. ಹಳೇ ನಾಡಇಟ್ಟಿಗೆಯ ಪುಡಿ ಹಿಡಿಯಿತು. ಬೆಲ್ಲ, ಅಳಲೆಕಾಯಿಯ ನೀರು ಎಲ್ಲರಿಗೂ ಗೊತ್ತಿರುವುದೇ. ಅದರ ಜೊತೆ ದಡಸಲು ಮರದ ತೊಗಟೆಯ ಲೋಳೆಯನ್ನೂ ಹಾಕಿದೆವು. ಎಷ್ಟು, ಯಾವಾಗ ಎಂಬುದು ಭದ್ರಾವತಿ ಕಡೆಯ ಹಿರಿಯ ಗಾರೆಯವರ ಕೈಗುಣ. ನನಗೆ ಹೇಳಿಕೊಟ್ಟಿದ್ದಾರೆ, ಬರೆಯಬೇಡಿ ಎಂದೂ ಹೇಳಿದ್ದಾರೆ. ಅವರ ಕೂಲಿ ಆಗ ದಿನಕ್ಕೆ ಸಾವಿರದ ಐನೂರರ ಆಸುಪಾಸು, ಊಟ ಬೇರೆ. ಕೊಟ್ಟದ್ದಕ್ಕೆ ಬೇಜಾರಿಲ್ಲ.

ನಯದ ಕೋಟಿನ ಗಾರೆ ಅರೆಯಲು ಹೋಟೆಲಿನವರು ಮಾರಿದ ಹಿಟ್ಟು ರುಬ್ಬುವ ಗ್ರೈಂಡರ್ ತಂದೆ, ಏಳೋ ಎಂಟೋ ಸಾವಿರ. ಕೆಲಸ ಮುಗಿಯುವಷ್ಟರಲ್ಲಿ ಕಲ್ಲು ಸವೆದು ಹೋಯಿತು. ಆದರೆ ಅಂಥ ನುಣುಪು ಬೇರೆ ಯಾವುದರಲ್ಲೂ ಬರಲಿಲ್ಲ.

ಇನ್ನೊಂದು ಹುಚ್ಚು ಪ್ರಯೋಗ. ಅಡಿಕೆ ಬೇಯಿಸಿದ ನೀರು, ಚೊಗರು, ಮನೆಯಲ್ಲೇ ಇತ್ತು, ಸುಣ್ಣದ ತಿಳಿಗೆ ಬೆರೆಸಿ ಹಿಂದಿನ ಕಾರ್ ಶೆಡ್ಡಿಗೆ ಬಳಿಸಿದೆ. ಎಲೆಅಡಿಕೆ ಹಾಕುವವರಿಗೆ ಹೇಳಬೇಕಿಲ್ಲ, ಗೋಡೆ ಕೆಂಪಗೆ ಅರಳಿತು. ಆರು ತಿಂಗಳಿಗೆ ಕಂದು, ಈಗ ಬೂದಿ ಬಣ್ಣ. ಇನ್ನೂ ಬಿಟ್ಟಿಲ್ಲ, ಈ ಸಲ ಚೊಗರು ಕಾಯಿಸಿ ಗಟ್ಟಿ ಮಾಡಿ ನೋಡುವವನಿದ್ದೇನೆ.

ಮಾಡಿನದು ಚಿಕ್ಕದಾಗಿ ಹೇಳುತ್ತೇನೆ. ಗೆದ್ದಲು ತಿಂದ ತುದಿಗಳನ್ನು ಕೊಯ್ದು ಹಳೇ ತೇಗದ್ದೇ ತುಂಡು ಬೆಸೆದೆವು, ಗೋಡೆಯೊಳಗೆ ಹೋಗುವ ಭಾಗಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ). ಬರಿಗೈಯಲ್ಲಿ ಮುಟ್ಟಿದ ಹುಡುಗನ ಅಂಗೈ ಗುಳ್ಳೆ ಎದ್ದಿತ್ತು, ಗವಸು ಕೊಡಿ. ಮಂಗ ಒಡೆದ ಹೆಂಚಿಗೆ ನನ್ನಲ್ಲಿ ಮದ್ದಿಲ್ಲ. ನೂರಿನ್ನೂರು ಹೆಂಚು ಹಿತ್ತಿಲಲ್ಲಿ ಪೇರಿಸಿಡಿ.

ನಡುವೆ ಅಧಿಕಾರಿಗಳಿಗೆ ವರ್ಗವಾಯಿತು. ಹೊಸಬರು ಫಾಲ್ಸ್ ಸೀಲಿಂಗ್, ವಿಟ್ರಿಫೈಡ್ ಟೈಲ್ಸ್ ಬೇಕೆಂದರು. ಇಲ್ಲ ಎನ್ನಲು ನಾನು ಯಾರು? "ಆಗಲಿ ಸರ್, ಅಂದಾಜು ತಯಾರಿಸ್ತೇನೆ" ಎಂದು, ಗಾರೆ ಮುಗಿದ ಕೋಣೆಯಲ್ಲಿ ಅವರ ಆಫೀಸ್ ಮೇಜು ಹಾಕಿಸಿದೆ. ಏಪ್ರಿಲ್ ಮಧ್ಯಾಹ್ನ ಫ್ಯಾನಿಲ್ಲದೆ ಕೂತರು. ಸೀಲಿಂಗ್ ಮಾತು ಅಲ್ಲಿಗೇ ನಿಂತಿತು. ಟೈಲ್ಸ್ ಮಾತ್ರ ಸ್ನಾನದ ಮನೆಗೆ ಕೊಟ್ಟೆ. ಅಷ್ಟು ಬಿಡಲೇಬೇಕು.

ಒಟ್ಟು ಮೂವತ್ತೊಂದು ಲಕ್ಷದ ಆಸುಪಾಸು, ಎರಡು ವರ್ಷದ ಅನುದಾನ ಸೇರಿ. ಈಗ ವರ್ಷಕ್ಕೊಮ್ಮೆ ಸುಣ್ಣ ಹೊಡೆಯಲು, ಕಾಲುವೆಯ ಕಸ ತೆಗೆಯಲು ನಲವತ್ತು ಸಾವಿರದೊಳಗೆ ಆಗುತ್ತಿದೆ. ನಕ್ಕಿದ್ದ ಗುತ್ತಿಗೆದಾರರು ಪಕ್ಕದ ತಾಲ್ಲೂಕಿನ ಐಬಿ (ಪರಿವೀಕ್ಷಣಾ ಬಂಗಲೆ) ದುರಸ್ತಿ ಹಿಡಿದಿದ್ದಾರಂತೆ, ಬೆಲ್ಲದ ಪ್ರಮಾಣ ಕೇಳಿ ಫೋನ್ ಮಾಡಿದ್ದರು. ಮೊದಲು ಅಂಗಳದ ಮಣ್ಣು ಇಳಿಸಿ, ಅಕ್ಟೋಬರ್‌ಗೆ ಮತ್ತೆ ಮಾಡಿ ಎಂದಿದ್ದೇನೆ.